ಜಗಲಿ ಖಾಲಿಯಿದ್ದಷ್ಟೂ ಚುರುಕು

ಅಶ್ವತ್ಥನಾರಾಯಣನ ಕೆಂಪು ಪೆನ್ನು 'ಕಟ್ಟೆ' ಎಂಬ ಪದದ ನೆತ್ತಿಯ ಮೇಲೆ ಬಂದು ನಿಂತಿತು. ಅಲ್ಲಿಯವರೆಗೆ ಒಂದು ಒತ್ತಕ್ಷರವಾದರೂ ತಪ್ಪಿರಬಾರದೇ ಎಂದು ಹುಡುಕಿ ಹುಡುಕಿ ಅವನು ಸೋತಿದ್ದ. ಬರೆದವಳು ಹೆಂಡತಿ ಗೌರಿ. ಕೋಲ್ಕತ್ತದ ಕನ್ನಡ ಬಳಗ ಮೂರು ತಿಂಗಳಿಗೊಮ್ಮೆ ತರುವ ಪತ್ರಿಕೆಗೆ ಕರಡು ತಿದ್ದುವ ಕೆಲಸ ಮೊದಲಿನಿಂದಲೂ ಅವನದೇ ಆಗಿದ್ದರಿಂದ, ಹೆಂಡತಿಯ ಲೇಖನವಾದರೂ ಅವನ ಕೈ ದಾಟಿಯೇ ಅಚ್ಚಿಗೆ ಹೋಗಬೇಕಿತ್ತು.

"ಕಂಪ್ಯೂಟರಿನ ಈ ಡ್ರೈವಿನ ಬಾಗಿಲ ಮುಂದೆ ಒಂದು ಕಟ್ಟೆ ಇದೆ ಎಂದುಕೊಳ್ಳಿ" ಎಂದು ಗೌರಿ ಬರೆದಿದ್ದಳು. "ನೀವು ಕಳಿಸಿದ ಫೋಟೊ, ಹಾಡು, ಸಿನಿಮಾ ಎಲ್ಲ ಬಂದು ಮೊದಲು ಈ ಕಟ್ಟೆಯ ಮೇಲೆ ಕೂತುಬಿಡುತ್ತವೆ. ಹತ್ತಿ ಕೂರುವುದು ಸುಲಭ, ಹಾಗಾಗಿ ಕೆಲಸ ಕ್ಷಣದಲ್ಲಿ ಮುಗಿದ ಹಾಗೆ ಕಾಣುತ್ತದೆ. ಆದರೆ ಮನೆಯ ಬಾಗಿಲು ಸಣ್ಣದು. ಕಟ್ಟೆ ತುಂಬಿತೆಂದರೆ ಆಮೇಲೆ ಬಂದವರು ಬೀದಿಯಲ್ಲಿ ನಿಂತು ಒಬ್ಬೊಬ್ಬರಾಗಿ ಒಳಗೆ ಹೋಗಬೇಕು. ಅಗ್ಗದ ಡ್ರೈವು ಮಂದವಾಗುವುದು ಆಗ. ನಡುನಡುವೆ ಅದಕ್ಕೆ ಸುಧಾರಿಸಿಕೊಳ್ಳಲು ಬಿಡಿ. ಕಟ್ಟೆ ಖಾಲಿಯಿದ್ದಷ್ಟೂ ಡ್ರೈವು ಚುರುಕು."

ಸರಿಯಾಗಿತ್ತು. ಅದೇ ಅವನ ಹೊಟ್ಟೆ ಉರಿಸಿದ್ದು. ಈ ಸಂಗತಿ ಅವನಿಗೆ ಗೊತ್ತಿಲ್ಲದ್ದೇನಲ್ಲ. ಬಿಬಿಡಿ ಬಾಗಿನಲ್ಲಿ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕೂದಲು ನರೆಸಿಕೊಂಡವನು ಅವನು. ಪತ್ರಿಕೆಯಲ್ಲಿ 'ಮನೆಯ ಗಣಕ' ಅಂಕಣ ಬರೆಯುವವನೂ ಅವನೇ. ಊರಿನ ಯಾವ ಕನ್ನಡಿಗರ ಮನೆಯಲ್ಲಿ ಕಂಪ್ಯೂಟರ್ ಮುನಿಸಿಕೊಂಡರೂ ಮೊದಲು ಫೋನು ಬರುತ್ತಿದ್ದುದು ಅವನಿಗೆ. ಹಳೇ ಕಂಪ್ಯೂಟರಿಗೆ ಹಾಕಬಹುದಾದ ಅಗ್ಗದ ಎಸ್‌ಎಸ್‌ಡಿ ಡ್ರೈವೊಂದನ್ನು ಪರೀಕ್ಷೆ ಮಾಡಿ ಬರೆಯೋಣ ಎಂದು ಚಾಂದನಿ ಮಾರುಕಟ್ಟೆಗೆ ಹೋಗಿ, ನಾಲ್ಕಾರು ಅಂಗಡಿ ಸುತ್ತಿ, ಚೌಕಾಸಿ ಮಾಡಿ ಅದನ್ನು ತಂದವನೂ ಅವನೇ. ಮನೆಯ ಹಳೇ ಡೆಸ್ಕ್‌ಟಾಪಿನ ಹೊಟ್ಟೆ ಬಿಚ್ಚಿ ಕೂರಿಸಿದ್ದೂ ಅವನೇ. ಆಮೇಲೆ ಎರಡು ಭಾನುವಾರ ಕೂತು, ಓದುವ ವೇಗವೆಷ್ಟು, ಬರೆಯುವ ವೇಗವೆಷ್ಟು, ಸಾಲಾಗಿ ಎಷ್ಟು, ಚದುರಿ ಎಷ್ಟು ಎಂದು ಅಳೆದು, ಆರು ಕೋಷ್ಟಕಗಳಿರುವ ಲೇಖನ ಸಿದ್ಧ ಮಾಡಿದ್ದ.

ಪತ್ರಿಕೆಯ ಸಂಪಾದಕ ವಿವೇಕ, ನ್ಯೂ ಟೌನಿನ ಐಟಿ ಕಂಪನಿಯಲ್ಲಿರುವ ಬೆಂಗಳೂರಿನ ಹುಡುಗ, ಓದಿ ಬಹಳ ವಿನಯದಿಂದ ಫೋನು ಮಾಡಿದ. "ಸರ್, ತುಂಬಾ ಡೀಟೇಲ್ ಆಗಿದೆ. ಆದ್ರೆ ಟೆಸ್ಟ್ ಮಾಡೋಣ ಅಂತ ನಮ್ಮಮ್ಮಂಗೆ ಓದಕ್ಕೆ ಕೊಟ್ಟೆ. 'ಕ್ಯಾಶ್ ಮುಗಿದ ಮೇಲೆ ವೇಗ ಇಳಿಯುತ್ತದೆ' ಅಂತ ಬರೆದಿದೀರಲ್ಲ, ಅದಕ್ಕೆ ಅಮ್ಮ, 'ಕ್ಯಾಶ್ ಮುಗಿದ್ರೆ ಯಾರದ್ದಾದ್ರೂ ವೇಗ ಇಳಿಯುತ್ತೆ ಕಣೋ, ಇದನ್ನ ಬ್ಯಾಂಕಿನವರೇ ಹೇಳಬೇಕಾ' ಅಂದ್ರು ಸರ್. ಸ್ವಲ್ಪ ಮನೆ ಜನಕ್ಕೆ ಅರ್ಥ ಆಗೋ ಹಾಗೆ..."

ಬಂದದ್ದನ್ನು ಡ್ರೈವು ಮೊದಲು ಇಳಿಸಿಕೊಳ್ಳುವ ಜಾಗಕ್ಕೂ ಕ್ಯಾಶ್ ಎಂದೇ ಹೆಸರು; ಅಮ್ಮ ಅದನ್ನು ದುಡ್ಡೆಂದುಕೊಂಡಿದ್ದರು. ಪಕ್ಕದಲ್ಲೇ ತನ್ನ ಶಾಲೆಯ ಮಕ್ಕಳ ಗಣಿತದ ಉತ್ತರಪತ್ರಿಕೆ ನೋಡುತ್ತ ಕೂತಿದ್ದ ಗೌರಿಗೆ ನಗು ತಡೆಯಲಾಗಲಿಲ್ಲ. ತಪ್ಪು ನಡೆದದ್ದು ಅಲ್ಲೇ. ಅವಳ ನಗು ಫೋನಿನಲ್ಲಿ ಕೇಳಿದ ವಿವೇಕ, "ಮೇಡಂ ಕೂಡ ಅದೇ ಕಂಪ್ಯೂಟರ್ ಯೂಸ್ ಮಾಡ್ತಾರಲ್ವಾ ಸರ್? ಅವರೇ ಎರಡು ಪುಟ ಬರೆದ್ರೆ ಹೇಗೆ?" ಎಂದುಬಿಟ್ಟ.

ಗೌರಿ ಬರೆದಳು. ಅವಳದೂ ಒಂದು ಪರೀಕ್ಷೆಯಂತೆ. ಮೊದಲು ಕಂಪ್ಯೂಟರಿನ ಗುಂಡಿ ಒತ್ತಿ ಕುಕ್ಕರಿಟ್ಟರೆ, ಮೂರು ಸೀಟಿ ಹೊಡೆದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಈಗ ಅಕ್ಕಿ ತೊಳೆದು ಮುಗಿಯುವುದರೊಳಗೆ ತೆರೆದುಕೊಂಡಿರುತ್ತದೆ. ಕನ್ನಡದಲ್ಲಿ ಟೈಪು ಮಾಡುವಾಗ ಅಕ್ಷರಗಳು ಬೆರಳಿನ ಹಿಂದೆ ಕುಂಟುವುದಿಲ್ಲ. ಮಗಳು ಖುಷಿ ತೆಗೆದ ದುರ್ಗಾಪೂಜೆಯ ಪೆಂಡಾಲುಗಳ ಫೋಟೊಗಳನ್ನೆಲ್ಲ ಒಟ್ಟಿಗೆ ತುಂಬಲು ಹೋದಾಗ ಮಾತ್ರ ನಡುದಾರಿಯಲ್ಲಿ ಏದುಸಿರು ಬಿಟ್ಟಿತು. ಇಷ್ಟನ್ನು ಬರೆದು, ಕಟ್ಟೆಯ ಮಾತು ಹೇಳಿ, ಕೊನೆಗೆ, ಪತ್ರ ಬರೆಯುವವರು, ಬಿಲ್ಲು ಕಟ್ಟುವವರು, ಹಾಡು ಕೇಳುವವರು ಧಾರಾಳವಾಗಿ ಕೊಳ್ಳಿ, ದಿನಾ ರಾಶಿ ರಾಶಿ ವಿಡಿಯೊ ತುಂಬುವವರಿಗೆ ಇದು ಸಾಲದು ಎಂದು ತೀರ್ಪು ಕೊಟ್ಟಿದ್ದಳು. ಒಂದೊಂದು ಪ್ಯಾರಾ ಮುಗಿದಾಗಲೂ "ಕೇಳ್ರಿಲ್ಲಿ" ಎಂದು ಅವನಿಗೆ ಓದಿ ಹೇಳಿದ್ದಳು. ಕುಕ್ಕರ್ ಸೀಟಿ ಯಾವ ಅಳತೆಯೇ ಎಂದು ಅವನು ಹಂಗಿಸಿದ್ದ. "ನಮ್ಮನ್ಯಾಗ ಇರೂ ಅಳತಿ" ಎಂದಿದ್ದಳು.

ಲೇಖನ ಕೇಳಿ ಮುಗಿದ ಮೇಲೆ ಖುಷಿ ಚಪ್ಪಾಳೆ ತಟ್ಟಿ, "ಅಮ್ಮಾ, ದಾರುಣ್! ಜಸ್ಟ್ ದಾರುಣ್!" ಎಂದು ಕುಣಿದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ; ಬಂಗಾಳಿಯಲ್ಲಿ ಅದಕ್ಕೆ ಬಹಳ ಚೆಂದ ಎಂದು ಅರ್ಥ. ಅಶ್ವತ್ಥನಾರಾಯಣ ಒಂದು ಗಳಿಗೆ ಅದನ್ನು ಕನ್ನಡದ ಅರ್ಥದಲ್ಲೇ ತೆಗೆದುಕೊಂಡು ಸಮಾಧಾನಪಟ್ಟುಕೊಂಡ.

ಆದರೆ ಸಮಾಧಾನ ಎಷ್ಟು ಹೊತ್ತಿನದು? ಗೌರಿ ಶಾಲೆಗೆ ಹೋದ ಒಂದು ದಿನ ಅವನು ಆಫೀಸಿಗೆ ರಜೆ ಹಾಕಿದ. ಅವಳು ಹೊಗಳಿದ ಡ್ರೈವಿನಲ್ಲಿ ಏನಾದರೊಂದು ಹುಳುಕು ಸಿಕ್ಕಲೇಬೇಕೆಂದು ಹಳೆಯ ಮದುವೆ, ಮುಂಜಿ, ಪ್ರವಾಸಗಳ ವಿಡಿಯೊಗಳನ್ನೆಲ್ಲ ಒಂದರ ಹಿಂದೆ ಒಂದರಂತೆ ಅದರೊಳಗೆ ತುರುಕಿದ. ಡ್ರೈವು ಮೊದಲು ಓಡಿತು. ಆಮೇಲೆ ಕುಸಿಯಿತು. ಅವನು ಅರ್ಧ ಗಂಟೆ ಬಿಟ್ಟು ಮತ್ತೆ ತುರುಕಿದ. ಮತ್ತೆ ಓಡಿತು, ಮತ್ತೆ ಕುಸಿಯಿತು. ಅವಳು ಹೇಳಿದ್ದಕ್ಕೆ ಒಂದು ಕೂದಲೆಳೆಯೂ ಆಚೀಚೆ ಆಗಲಿಲ್ಲ. ಅದು ಅಗ್ಗದ ಡ್ರೈವೆಂಬುದನ್ನೂ ಮರೆತು ಅವನಿಗೆ ಅದರ ಮೇಲೆಯೇ ಸಿಟ್ಟು ಬಂತು. ತಂದವನು ತಾನು, ಅದು ಮಾತು ಕೇಳುವುದು ಅವಳದು.

ಹೆಂಡತಿಯ ಮೇಲೆ ಅಸೂಯೆಪಡುವುದು ನಾಚಿಕೆಗೇಡು ಎಂದು ಅವನಿಗೂ ಗೊತ್ತಿತ್ತು. ಪಕ್ಕದ ಮನೆಯವನ ಮೇಲೆ ಪಟ್ಟರೆ ಹೆಂಡತಿಯ ಹತ್ತಿರ ಹೇಳಿಕೊಂಡು ಹಗುರಾಗಬಹುದು. ಹೆಂಡತಿಯ ಮೇಲೇ ಪಟ್ಟರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಈಗ ಕೆಂಪು ಪೆನ್ನು ಕಟ್ಟೆಯ ಮೇಲೆ ನಿಂತಿತ್ತು. ಕಟ್ಟೆ ಎಂದರೆ ಅರಳೀಕಟ್ಟೆ. ಕಟ್ಟೆ ಎಂದರೆ ನೀರಿಗೆ ಹಾಕಿದ ಒಡ್ಡು. ಮನೆಯ ಮುಂದೆ ಇರುವುದು ಜಗಲಿ. ತನ್ನ ಮೈಸೂರು ಕಡೆ ಯಾರನ್ನಾದರೂ ಕೇಳಲಿ. ಅವನು ಮೊದಲ ಕಟ್ಟೆಯನ್ನು ಹೊಡೆದು ಹಾಕಿ ಮೇಲೆ ಜಗಲಿ ಎಂದು ಬರೆದ. ಎರಡನೆಯದನ್ನೂ ಹೊಡೆದ. ಲೇಖನದ ತುಂಬ ಕಟ್ಟೆಗಳಿದ್ದವು, ಒಂದನ್ನೂ ಬಿಡಲಿಲ್ಲ. ಬಹಳ ದಿನಗಳ ಮೇಲೆ ಅವನಿಗೆ ಆವತ್ತು ಊಟ ರುಚಿಸಿತು.

ಪತ್ರಿಕೆ ಅಚ್ಚಾಗಿ ಬಂದಾಗ ಗೌರಿ ಬಾಗಿಲಲ್ಲೇ ನಿಂತು ತನ್ನ ಪುಟ ತೆರೆದಳು. ಮುಖದಲ್ಲಿದ್ದ ಉತ್ಸಾಹ ಅರ್ಧ ಪುಟಕ್ಕೆ ಬರುವುದರೊಳಗೆ ನಿಂತುಹೋಯಿತು.

"ನನ್ನ ಕಟ್ಟಿ ಎಲ್ಲಿ ಹೋತು?"

"ಜಗಲಿ ಅಂತ ಮಾಡಿದೀನಿ. ಪತ್ರಿಕೆ ಅಂದ್ಮೇಲೆ ಶಿಷ್ಟ ಕನ್ನಡ ಇರಬೇಕಲ್ಲ."

"ಅಲ್ರಿ, ನಮ್ಮ ಧಾರವಾಡದ ಕಡೆ ಜಗಲಿ ಅಂದ್ರ..."

"ನಿಮ್ಮ ಕಡೆದು ಬಿಡೇ. ಕನ್ನಡ ಅಂದ್ರೆ ಧಾರವಾಡ ಒಂದೇನಾ?"

ಗೌರಿ ಇನ್ನೊಮ್ಮೆ ಪುಟ ನೋಡಿದಳು. "ಹೇಳಬೇಕಾಗಿತ್ತು ನನಗ" ಎಂದಳು. ಅಷ್ಟೇ. ಪತ್ರಿಕೆಯನ್ನು ಫ್ರಿಜ್ಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದಳು. ಜಗಳವಾಡಿದ್ದರೆ ಅವನಿಗೆ ಉತ್ತರ ಸಿದ್ಧವಿತ್ತು.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಗಡಿಯಾಹಾಟಿನ ಹತ್ತಿರದ ಸಭಾಂಗಣದಲ್ಲಿ ಬಳಗದ ಕೂಟ. ಉಪ್ಪಿಟ್ಟು, ಕೇಸರಿಭಾತಿನ ಜೊತೆಗೆ ಚಳಿಗಾಲವೆಂದು ಹೊಸಬೆಲ್ಲದ ಸಂದೇಶವೆಂಬ ಬಂಗಾಳಿ ಸಿಹಿಯೂ ಇತ್ತು. ಅಶ್ವತ್ಥನಾರಾಯಣ ತಟ್ಟೆ ಹಿಡಿದು ಎಲ್ಲಿ ನಿಂತರೂ ಜಗಲಿಯೇ ಕಿವಿಗೆ ಬೀಳುತ್ತಿತ್ತು. ಯಾರೋ ಇಬ್ಬರು, ನಮ್ಮ ಲ್ಯಾಪ್‌ಟಾಪಿನ ಜಗಲಿ ತುಂಬಿದೆ ಕಾಣುತ್ತೆ ಎಂದು ನಗಾಡುತ್ತಿದ್ದರು. ಜಾದವ್‌ಪುರದಲ್ಲಿ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಗೌರಿಯ ಕೈಹಿಡಿದು, ತನ್ನ ಗೈಡಿಗೂ ಜಗಲಿಯ ಮಾತು ಹೇಳಿದೆ ಎನ್ನುತ್ತಿದ್ದಳು. ವಿವೇಕನಂತೂ ಮೈಕಿನ ಮುಂದೆ ನಿಂತು, "ದಿನಾ ಬೆಳಗ್ಗೆ ಎದ್ರೆ ಇದೇ ಕೆಲಸ ಮಾಡೋರು ನಾವು. ಆದ್ರೂ ಕ್ಯಾಶ್ ಅನ್ನೋದನ್ನ ಇಷ್ಟು ಚೆನ್ನಾಗಿ ನಂಗ್ಯಾರೂ ಹೇಳಿರ್ಲಿಲ್ಲ. ಜಗಲಿ! ಒಂದು ಪದ ಸಾಕಲ್ವಾ? ಗೌರಿ ಮೇಡಂಗೆ ಜೋರಾಗಿ ಚಪ್ಪಾಳೆ" ಎಂದ.

ಚಪ್ಪಾಳೆ ಬಿತ್ತು. ಗೌರಿ ಎದ್ದು ನಿಂತು ಕೈಮುಗಿದಳು. ಗಂಡನ ಕಡೆ ಒಮ್ಮೆ ನೋಡಿ ಕೂತಳು.

ಹೊಗಳಿದ್ದೆಲ್ಲ ಅವಳದ್ದಾಗಿದ್ದರೆ ಅಶ್ವತ್ಥನಾರಾಯಣ ಹೇಗೋ ನುಂಗಿಕೊಳ್ಳುತ್ತಿದ್ದ. ಈ ಪದ ಅವನದು. ಇಡೀ ಲೇಖನದಲ್ಲಿ ಅವನದೆಂಬುದು ಅದೊಂದೇ, ಅದಕ್ಕೂ ಅವಳೇ ಕೈಮುಗಿಯಬೇಕೇ? ವಂದನಾರ್ಪಣೆಗೆ ತನ್ನ ಹೆಸರು ಕರೆದಾಗ ಅವನು ಮೈಕಿನ ಹತ್ತಿರ ಹೋದವನೇ ಅಡುಗೆಯವರನ್ನೂ ಸಭಾಂಗಣದವರನ್ನೂ ನೆನೆದು, ಗಂಟಲು ಸರಿಮಾಡಿಕೊಂಡ.

"ಒಂದು ಸಣ್ಣ ವಿಷಯ. ಹೇಳೋದೋ ಬೇಡ್ವೋ ಅಂತಿದ್ದೆ. ಮೂಲ ಲೇಖನದಲ್ಲಿ ಬೇರೆ ಪದ ಇತ್ತು. ಜಗಲಿ ಅಂತ ತಿದ್ದಿದ್ದು ನಾನು. ಎಲ್ರಿಗೂ ಇಷ್ಟ ಆಗಿದ್ದು ಸಂತೋಷ."

ಒಂದೆರಡು ಕೈಗಳು ತಟ್ಟಿದವು. ಅವನಿಗೆ ಗೌರಿಯ ಮುಖ ನೋಡಬೇಕೆನ್ನಿಸಲಿಲ್ಲ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಚಂಪಕ್ಕ ಕೈಯೆತ್ತಿದರು. ಗದಗಿನ ಕಡೆಯವರು, ಎಂಬತ್ತರ ಹತ್ತಿರದವರು. ಮಗ ಪ್ರದೀಪನ ಮನೆಯಲ್ಲಿ ಕೂತು ಪತ್ರಿಕೆಗೆ ಹಬ್ಬದ ಅಡುಗೆಗಳನ್ನು ಟೈಪು ಮಾಡಿ ಕಳಿಸುವವರು. ಗೌರಿಯ ಲೇಖನ ಓದಿಯೇ ಮಗನಿಂದ ಅದೇ ಡ್ರೈವು ತರಿಸಿ ಹಾಕಿಸಿಕೊಂಡಿದ್ದರು.

"ತಡೀರಿ, ನಂದೊಂದು ಕೇಳೂದದ" ಎಂದರು ಚಂಪಕ್ಕ. "ಜಗಲಿ ಖಾಲಿಯಿದ್ದಷ್ಟೂ ಡ್ರೈವು ಚುರುಕು ಅಂತ ಬರದದ. ನಾ ಅದನ್ನ ಓದಿದ ದಿವಸನ ಜಗಲಿ ಖಾಲಿ ಮಾಡೇನಿ. ಬಾಲಕೃಷ್ಣ, ಗಣಪತಿ, ಅನ್ನಪೂರ್ಣಿ, ಎಲ್ಲಾರ್ನೂ ಇಳಿಸಿ ಸ್ಟೀಲಿನ ಡಬ್ಬಿಯೊಳಗ ಇಟ್ಟೇನಿ. ಪ್ರದೀಪ ಕೇಳಿದಾ, ಇದೇನವಾ ಅಂತ. ಕಂಪ್ಯೂಟರೂ ಅದ ಖೋಲಿಯೊಳಗ ಅದಲ್ಲೋ, ಹಿತ್ತಾಳಿ ತಾಮ್ರ ಬಾಜೂಕಿದ್ರ ಕರೆಂಟಿಗೆ ಆಗಿಬರೂದಿಲ್ಲ ಕಾಣಸ್ತದ, ಗೌರಿ ತಿಳದಾಕಿ, ಬರದಾಳ ಅಂದೆ. ದಿನಾ ಡಬ್ಬಿಗೇ ಹೂ ಏರಸ್ಲಿಕತ್ತೇನಿ. ಇನ್ನ ಎಷ್ಟು ದಿವಸ ಅವ್ರನ್ನ ಡಬ್ಬಿಯೊಳಗ ಇಡಬೇಕವಾ?"

ಮೈಸೂರು, ಬೆಂಗಳೂರಿನವರು ಮುಖ ಮುಖ ನೋಡಿಕೊಂಡರು. ಹಿಂದಿನ ಸಾಲಿನಲ್ಲಿದ್ದ ಹುಬ್ಬಳ್ಳಿಯ ವಿಶ್ವನಾಥನಿಗೆ ಮೊದಲು ಹೊಳೆಯಿತು. ಕೈಯಲ್ಲಿದ್ದ ಸಂದೇಶ ಕೆಳಗೆ ಬೀಳುವ ಹಾಗೆ ನಗುತ್ತ ಅವನು, ನಮ್ಮ ಕಡೆ ಜಗಲಿ ಅಂದರೆ ದೇವರು ಕೂರುವ ಜಾಗ, ನಿಮ್ಮ ಕಡೆಯ ಜಗಲಿಗೆ ನಾವು ಅನ್ನುವುದು ಕಟ್ಟಿ ಎಂದು ಎಲ್ಲರಿಗೂ ಬಿಡಿಸಿ ಹೇಳಿದ. ನಗು ಒಂದು ಕಡೆಯಿಂದ ಎದ್ದು ಸಭಾಂಗಣವನ್ನೆಲ್ಲ ಸುತ್ತಿತು. ಚಂಪಕ್ಕ ನಗಲಿಲ್ಲ. ಮೈಕಿನ ಮುಂದೆ ಇನ್ನೂ ನಿಂತೇ ಇದ್ದ ಅಶ್ವತ್ಥನಾರಾಯಣನನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಹಂಗಾದ್ರ ನಮ್ಮ ದೇವ್ರನ್ನ ಇಳಿಸಿದವ್ರು ನೀವೇನ್ರಿ?"

ಆಮೇಲೆ ಎದ್ದ ನಗುವಿಗೆ ಮೈಕೂ ಕಿರುಚಿತು. ಅವನು ನಗುವ ಪ್ರಯತ್ನ ಮಾಡಿದ. ತುಟಿ ಒಂದು ಕಡೆ ಹೋಯಿತು, ಮುಖ ಒಂದು ಕಡೆ ಉಳಿಯಿತು. ವಂದನಾರ್ಪಣೆಯಲ್ಲಿ ಇನ್ನೂ ನಾಲ್ಕು ಹೆಸರು ಬಾಕಿಯಿದ್ದವು, ಒಂದೂ ನೆನಪಾಗಲಿಲ್ಲ.

ಗೌರಿ ಎದ್ದು ಹೋಗಿ ಚಂಪಕ್ಕನ ಪಕ್ಕದಲ್ಲಿ ಕೂತಳು. ಅವರ ಕೈ ತನ್ನ ಎರಡೂ ಕೈಯಲ್ಲಿ ಹಿಡಿದು, "ತಪ್ಪಾತ್ರಿ ಚಂಪಕ್ಕ. ನಮ್ಮಿಂದ ತಪ್ಪಾಗೇದ. ಇವತ್ತ ಮನೀಗೆ ಹೋದಕೂಡ್ಲೆ ಎಲ್ಲಾರ್ನೂ ಮ್ಯಾಲ ಏರಿಸಿಬಿಡ್ರಿ" ಎಂದಳು. ನಮ್ಮಿಂದ ಎಂದಳು, ಇವರಿಂದ ಎನ್ನಲಿಲ್ಲ. ಅಲ್ಲಿ ನಿಂತು ಅದನ್ನು ಕೇಳಿಸಿಕೊಂಡ ಅಶ್ವತ್ಥನಾರಾಯಣನಿಗೆ, ತಪ್ಪೊಪ್ಪಿಕೊಳ್ಳುವುದರಲ್ಲೂ ಇವಳೇ ಮುಂದೆ ಹೋದಳಲ್ಲ ಎನ್ನಿಸಿತು.

ಮನೆಗೆ ಹೋಗಲು ಸಿಕ್ಕಿದ ಶೇರ್ ಆಟೊದಲ್ಲಿ ಹಿಂದೆ ಆಗಲೇ ಇಬ್ಬರು ಕೂತಿದ್ದರು. ಗೌರಿ ಅವರ ಪಕ್ಕ ಹತ್ತಿದಳು. ಅವನು ಚಾಲಕನ ಪಕ್ಕ ಅರ್ಧ ಕುಂಡಿ ಊರಿ, ಅರ್ಧ ಗಾಳಿಯಲ್ಲಿ ಬಿಟ್ಟು ಕೂತ. ಜಾದವ್‌ಪುರದಲ್ಲಿ ಇಳಿದು ತಮ್ಮ ಗಲ್ಲಿಗೆ ತಿರುಗಿದಾಗ, ಎದುರು ಮನೆಯ ಮುಂದಿನ ಸಿಮೆಂಟಿನ ದಿಣ್ಣೆಯ ಮೇಲೆ ಎಂದಿನಂತೆ ಕೇರಿಯ ಮುದುಕರು ಮಂಗನ ಟೋಪಿ ಹಾಕಿಕೊಂಡು ಹರಟೆಯ ಅಡ್ಡಾ ಹೊಡೆಯುತ್ತಿದ್ದರು. ಬಂಗಾಳಿಗಳು ಅಂಥ ದಿಣ್ಣೆಯನ್ನು ರೋಕ್ ಅನ್ನುತ್ತಾರೆ. ಗೌರಿ ಅಲ್ಲಿ ನಿಂತಳು.

"ಅಡಗಿಮನಿ ಖಿಡಕ್ಯಾಗಿಂದ ದಿನಾ ಇವ್ರನ್ನ ನೋಡ್ತೇನಿ. ಒಬ್ರು ಬಂದ್ರ ಸರದು ಜಾಗಾ ಕೊಡ್ತಾರ. ತುಂಬಿತಂದ್ರ ಬಂದವ್ರು ರಸ್ತಾದಾಗ ನಿಂತಽ ಮಾತಾಡ್ತಾರ. ಅದನ್ನ ನೋಡಿ ಬರದಿದ್ದೆ ನಾ." ಅವಳು ಅವನ ಕಡೆ ತಿರುಗಿದಳು. "ಖರೇ ಹೇಳ್ರಿ. ಯಾಕ ತಿದ್ದಿದ್ರಿ?"

"ಹೇಳಿದ್ನಲ್ಲ, ಶಿಷ್ಟ ಕನ್ನಡ..."

"ಅದಲ್ಲ."

ಮುದುಕರಲ್ಲೊಬ್ಬರು ಯಾವುದಕ್ಕೋ ಗಹಗಹಿಸಿ ನಕ್ಕರು. ಅವನಿಗೆ ಅದೂ ತನ್ನನ್ನು ಕಂಡೇ ಎನ್ನಿಸಿತು.

"ನೀನು ಬರೆದದ್ದು ಚೆನ್ನಾಗಿತ್ತು" ಎಂದ. ಬೈದ ಹಾಗೆ ಬಂತು ಮಾತು.

"ಅದಕ್ಕ?"

"ಅದಕ್ಕೇ."

ಗೌರಿ ಅವನ ಮುಖವನ್ನೇ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡ, ನಗುತ್ತಾಳೆ ಎಂದುಕೊಂಡ. ಅವಳು ಚೀಲದಿಂದ ಬೀಗದ ಕೈ ತೆಗೆದುಕೊಂಡು ಮೆಟ್ಟಿಲು ಹತ್ತಿದಳು.

ಆಮೇಲೆ ಮನೆಯಲ್ಲಿ ಎಲ್ಲ ಮೊದಲಿನಂತೆಯೇ ನಡೆಯಿತು. ಗೌರಿ ಮಾತು ಬಿಡಲಿಲ್ಲ, ಅವನ ಬುತ್ತಿಗೆ ಉಪ್ಪಿನಕಾಯಿ ಹಾಕುವುದನ್ನೂ ಮರೆಯಲಿಲ್ಲ. ವಿವೇಕ ಮುಂದಿನ ಸಂಚಿಕೆಗೂ ಅವಳನ್ನೇ ಕೇಳಿದ್ದ: ಆ ಡ್ರೈವು ಎಷ್ಟು ವರ್ಷ ಬಾಳುತ್ತದೆ, ಹಾಕಿಸಿಕೊಂಡವರು ಏನು ಜೋಪಾನ ಮಾಡಬೇಕು ಎಂಬ ವಿಷಯ. ಶಾಲೆಯಿಂದ ಬಂದು ಅವಳು ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅಶ್ವತ್ಥನಾರಾಯಣ ಪತ್ರಿಕೆ ಓದುವವನ ಹಾಗೆ ಪಕ್ಕದ ಕೋಣೆಯಲ್ಲಿ ಕೂತಿರುತ್ತಿದ್ದ. ಕೀಲಿಮಣೆಯ ಸದ್ದು ನಿಂತಾಗಲೆಲ್ಲ, ಈಗ ಕರೆಯುತ್ತಾಳೆ, ಈಗ ಕರೆಯುತ್ತಾಳೆ ಎಂದು ಕಿವಿ ನಿಮಿರುತ್ತಿತ್ತು. ಅವಳು ಕರೆಯಲಿಲ್ಲ.

ಕೊನೆಗೆ ಅವನೇ ಕೇಳಿದ. "ಮುಗೀತಾ ಲೇಖನ? ಕರಡು ಯಾವಾಗ ಕೊಡ್ತಿ?"

"ಇಲ್ರಿ. ಈ ಸರ್ತಿ ನಿಮಗ ಕೊಡೂದು ಬ್ಯಾಡ ಅಂತ ವಿವೇಕಗ ಹೇಳೇನಿ." ಗೌರಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಮರುದಿನದ ಹಾಲಿನ ವಿಷಯ ಹೇಳಿದಂತಿತ್ತು. "ಚಂಪಕ್ಕಗ ಓದಿ ತೋರಸ್ತೇನಿ. ಅವ್ರಿಗೆ ತಿಳೀತಂದ್ರ ಎಲ್ಲಾರಿಗೂ ತಿಳದಂಗ."

ಅವನು ತಲೆಯಾಡಿಸಿದ. ಬೇರೆ ಗಂಡಸರ ಮೇಲೆ ಅಸೂಯೆ ಪಟ್ಟದ್ದುಂಟು, ಹೆಂಡತಿಯ ಮೇಲೆ ಪಟ್ಟದ್ದೂ ಆಯಿತು. ಡಬ್ಬಿಯಲ್ಲಿ ದೇವರನ್ನಿಟ್ಟು ಹೂವೇರಿಸಿದ ಮುದುಕಿಯ ಮೇಲೂ ಪಡಬೇಕಾಗಿ ಬಂತಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಅದು ಉರಿಯುವುದನ್ನು ಬಿಡಲಿಲ್ಲ.

ಜನವರಿಯ ಒಂದು ಭಾನುವಾರ ಗೌರಿ ಊಟದ ಮೇಜಿನ ಮೇಲೆ ಅಚ್ಚು ತೆಗೆದ ಹಾಳೆಗಳನ್ನು ಹರಡಿಕೊಂಡು, ಫೋನನ್ನು ನೀರಿನ ಲೋಟಕ್ಕೆ ಒರಗಿಸಿ ಸ್ಪೀಕರ್ ಹಾಕಿದಳು. ಖುಷಿಗೆ ಬಟಾಣಿ ತುಂಬಿದ ಕಚೂರಿ ಬೇಕಂತೆ, ಸಂತೆಯಿಂದ ಬಟಾಣಿ ಬಂದಿತ್ತು. ಸುಲಿಯುವ ನೆಪದಲ್ಲಿ ಅಶ್ವತ್ಥನಾರಾಯಣ ಮೇಜಿನ ಇನ್ನೊಂದು ತುದಿಗೆ ಬಂದು ಕೂತ. ಗೌರಿ ಬೇಡ ಎನ್ನಲಿಲ್ಲ.

ಅವಳು ಓದಿದಳು. ಚಂಪಕ್ಕ ಹೂಂ ಹೂಂ ಎನ್ನುತ್ತಿದ್ದರು. ಒಂದು ಕಡೆ ತಡೆದರು.

"ಅಲ್ಲಿ ಮತ್ತೊಮ್ಮೆ ಓದವಾ."

"'ಹಳೆಯ ಹಾರ್ಡ್ ಡಿಸ್ಕ್ ಕೆಡುವ ಮೊದಲು ಕಟಕಟ ಸದ್ದು ಮಾಡುತ್ತದೆ, ತಡವರಿಸುತ್ತದೆ. ಎಸ್‌ಎಸ್‌ಡಿ ಎಷ್ಟೋ ಸಲ ಮುನ್ಸೂಚನೆ ಕೊಡುವುದಿಲ್ಲ. ಅದರಲ್ಲಿರುವುದರ ಇನ್ನೊಂದು ಪ್ರತಿಯನ್ನು ಮೊದಲೇ ತೆಗೆದಿಡಿ.'"

"ಮುನ್ಸೂಚನೆ ಅಂದ್ರ? ಟಿವಿಯೊಳಗ ಮಳಿದು ಹೇಳ್ತಾರಲ್ಲ, ಅದನ?"

"ಅಲ್ರಿ. ಅಂದ್ರ... ಮೊದಲಽ ತಿಳಸೂದಿಲ್ಲ. ಒಮ್ಮೆಲೇ..." ಗೌರಿ ಪೆನ್ನಿನ ತುದಿ ಕಚ್ಚಿದಳು. ಅವಳಿಗೆ ಮಾತು ಸಿಗಲಿಲ್ಲ.

ಅವನ ಬಾಯಲ್ಲಿತ್ತು. ಮುನ್ನೆಚ್ಚರಿಕೆಯಿಲ್ಲದ ಹಠಾತ್ ವೈಫಲ್ಯ. ನಾಲಗೆಯ ತುದಿಗೇ ಬಂದು ನಿಂತಿತ್ತು. ಗೌರಿ ತಲೆಯೆತ್ತಿ ಅವನನ್ನು ನೋಡಿದಳು ಕೂಡ. ಅವನು ಬಟಾಣಿಯ ಸಿಪ್ಪೆ ಸೀಳಿ ಕಾಳುಗಳನ್ನು ಹೆಬ್ಬೆರಳಿನಿಂದ ಬಟ್ಟಲಿಗೆ ಉದುರಿಸಿದ. ಅವು ಉದುರಿ ಮುಗಿಯುವುದರೊಳಗೆ ಆ ಮೂರು ಪದಗಳು ಅವನಿಗೇ ಬ್ಯಾಂಕಿನ ಸುತ್ತೋಲೆಯಂತೆ ಕೇಳಿಸಿದವು.

ಆಮೇಲೆ ಚಂಪಕ್ಕ ಅಂದರು:

"ನಮ್ಮನಿಯವ್ರು ಹಂಗಽ ಹೋದ್ರು ನೋಡು. ಚಾ ಕುಡದು ಕಪ್ಪು ಕೆಳಗಿಟ್ರು, ಅಷ್ಟ. ಹಿಂದಿನ ದಿವಸ ಒಂದ ಕೆಮ್ಮಿಲ್ಲ, ಒಂದ ಜ್ವರಾ ಇಲ್ಲ. ನಾ ಅವ್ರನ್ನ ಏನೂ ಕೇಳಿಟ್ಟುಕೊಂಡಿರ್ಲಿಲ್ಲ, ಗೌರಿ. ಅವ್ರ ಅವ್ವನ ಕಡೆ ಮಂದಿ ಹೆಸರು, ಅವ್ರು ಸಾಲ್ಯಾಗ ಕಲ್ತ ಹಾಡು, ಯಾವದೂ. ನಾಳೆ ಕೇಳಿದ್ರಾತು, ಎಲ್ಲಿ ಹೋಗ್ತಾರ ಅಂತಿದ್ದೆ." ಉಸಿರು ಎಳೆದುಕೊಂಡ ಸದ್ದು ಕೇಳಿತು. "ಗಟ್ಟಿ ಇದ್ದಾಗನ ಎಲ್ಲಾ ಕೇಳಿ ಇಟ್ಟುಕೋರಿ. ಹಿಂಗ ಬರಿ ನೀ. ಮುನ್ಸೂಚನೆ ಗಿನ್ಸೂಚನೆ ಬ್ಯಾಡ."

ಗೌರಿ ಬರೆದುಕೊಂಡಳು. ಬರೆಯುವಾಗ ಅವಳ ತಲೆ ಬಗ್ಗಿಯೇ ಇತ್ತು. ಒಂದು ಅಕ್ಷರ ಒದ್ದೆಯಾಗಿ ಕಲಸಿತು, ಅದನ್ನು ಹೊಡೆದು ಪಕ್ಕದಲ್ಲಿ ಮತ್ತೆ ಬರೆದಳು.

ಗಟ್ಟಿ ಇದ್ದಾಗಲೇ ಎಲ್ಲ ಕೇಳಿ ಇಟ್ಟುಕೊಳ್ಳಿ. ಅಶ್ವತ್ಥನಾರಾಯಣ ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡ. ಆರು ಕೋಷ್ಟಕ ಹಾಕಿದರೂ ತನಗೆ ಇಂಥದೊಂದು ವಾಕ್ಯ ಹುಟ್ಟುವುದಿಲ್ಲ. ಗೌರಿಗೂ ಹುಟ್ಟುತ್ತಿರಲಿಲ್ಲ, ಆದರೆ ಅವಳು ಕೇಳಿದ್ದಳು, ಅದಕ್ಕೇ ಅವಳಿಗೆ ಸಿಕ್ಕಿತು. ಹೊಟ್ಟೆಕಿಚ್ಚು ಎಲ್ಲಿಗೂ ಹೋಗಿರಲಿಲ್ಲ. ಇಬ್ಬರು ಹೆಂಗಸರ ನಡುವೆ ಹರಿಯುತ್ತಿದ್ದ ಆ ಮಾತಿನಲ್ಲಿ ತನ್ನದು ಒಂದಕ್ಷರವೂ ಇಲ್ಲವೆಂದು ಅದು ಉರಿಯುತ್ತಲೇ ಇತ್ತು.

"ಮುಂದ ಓದು" ಎಂದರು ಚಂಪಕ್ಕ. ದನಿ ಸಣ್ಣಗಾಗಿತ್ತು. ಲೋಟಕ್ಕೆ ಒರಗಿದ್ದ ಫೋನು ಮೆಲ್ಲಗೆ ಜಾರುತ್ತ ಹೋಗಿ ಅರ್ಧ ಮಲಗಿತ್ತು. ಗೌರಿ ಹಾಳೆ ತಿರುಗಿಸುತ್ತಿದ್ದಳು, ನೋಡಿರಲಿಲ್ಲ. ಅವನು ಬಟಾಣಿಯ ಬಟ್ಟಲನ್ನು ಮೇಜಿನ ನಡುವಿಗೆ ತಳ್ಳಿ, ಫೋನನ್ನು ಎತ್ತಿ ಅದಕ್ಕೆ ಆನಿಸಿ ನೆಟ್ಟಗೆ ನಿಲ್ಲಿಸಿದ. ಮಾತು ಸರಿಯಾಗಿ ಕೇಳುತ್ತಿದೆಯೇ ಎಂದು ಸ್ವಲ್ಪ ಹೊತ್ತು ಕೈ ಅಲ್ಲೇ ಹಿಡಿದಿದ್ದ.